ರಾಣಿಯ ಗುಂಡಿಗೆಯನ್ನು ಉಳಿಸಿದವರು

ದೊಡ್ಡಪ್ಪ ಪುತ್ತೂರಿನ ಕಡೆಯವರು, ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ತಮ್ಮನ ಮಗಳು ಬೆಂಗಳೂರಿನಲ್ಲಿ ಸಿನಿಮಾ ಎಡಿಟಿಂಗ್ ಮಾಡುತ್ತಾಳೆ. ಇಬ್ಬರೂ ಕೂತು ನೋಡಿದ ಚಿತ್ರ 2015ರ ‘ದಿ ಲಾಸ್ಟ್ ವಿಚ್ ಹಂಟರ್’. ನಿರ್ದೇಶಕ ಬ್ರೆಕ್ ಐಸ್ನರ್, ನಾಯಕ ವಿನ್ ಡೀಸೆಲ್. ಎಂಟುನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಮಹಾಮಾರಿ ಹಬ್ಬಿಸಿದ ಮಾಟಗಾತಿ ರಾಣಿಯನ್ನು ಕಾಲ್ಡರ್ ಎಂಬ ಬೇಟೆಗಾರ ಕೊಲ್ಲುತ್ತಾನೆ. ಸಾಯುವ ಮುಂಚೆ ಅವಳು ಅವನಿಗೆ ಸಾವೇ ಬಾರದಿರಲಿ ಎಂದು ಶಾಪ ಕೊಡುತ್ತಾಳೆ. ಅವನು ಇವತ್ತಿನ ನ್ಯೂಯಾರ್ಕಿನಲ್ಲಿ ಬದುಕಿದ್ದಾನೆ. ರಾಣಿ ಮತ್ತೆ ಎದ್ದು ಬರುತ್ತಾಳೆ. ಚಿತ್ರ ಮುಗಿದ ಮೇಲೆ ಇಬ್ಬರ ನಡುವೆ ಬೆಳೆದ ಮಾತು ಇದು. ಯಾರ ಕಡೆ ನ್ಯಾಯ ಉಂಟು ಎಂದು ತೀರ್ಮಾನ ಕೊಡಲು ನನ್ನಿಂದ ಆಗಲಿಲ್ಲ. ಇಬ್ಬರ ಮಾತಿಗೂ ತೂಕ ಇತ್ತು.

ದೊಡ್ಡಪ್ಪ: ಅರ್ಧ ಗಂಟೆ ಆಗುವ ಮೊದಲೇ ಪೂರ್ತಿ ಕಥೆ ನನಗೆ ಗೊತ್ತಾಯಿತು. ಮುದುಕ ಪಾದ್ರಿಗೆ ಕೇಡು ಆಗುತ್ತದೆ, ಅವನ ಜಾಗಕ್ಕೆ ಬಂದ ಎಳೆಯವನನ್ನು ನಂಬುವ ಹಾಗಿಲ್ಲ, ಬಾರ್ ನಡೆಸುವ ಹುಡುಗಿ ಮೊದಲು ಬೈದು ಆಮೇಲೆ ನಾಯಕನ ಜೊತೆ ನಿಲ್ಲುತ್ತಾಳೆ. ಒಂದೂ ತಪ್ಪಲಿಲ್ಲ.

ಮಗಳು: ನನಗೂ ಗೊತ್ತಾಯಿತು ದೊಡ್ಡಪ್ಪ. ಗೊತ್ತಾದ ಮೇಲೂ ನೀವು ಎದ್ದು ಹೋಗಲಿಲ್ಲವಲ್ಲ. ‘ದೇವಿ ಮಹಾತ್ಮೆ’ ಯಕ್ಷಗಾನ ಆಟಕ್ಕೆ ವರ್ಷವರ್ಷವೂ ಹೋಗುತ್ತೀರಿ. ಮಹಿಷಾಸುರ ಸಾಯುತ್ತಾನೆ ಎಂದು ಗೊತ್ತಿಲ್ಲದೆಯಾ ಹೋಗುವುದು? ಅವನು ದೊಂದಿ ಬೆಳಕಿನಲ್ಲಿ ಜನರ ನಡುವಿನಿಂದ ನುಗ್ಗಿ ಬರುವುದನ್ನು ನೋಡಲು ಬೆಳಗಿನ ಜಾವದವರೆಗೆ ಕೂರುತ್ತೀರಿ. ಕೊನೆ ಗೊತ್ತಿದ್ದರೆ ಕಣ್ಣು ಬೇರೆ ಕಡೆ ಹೋಗುತ್ತದೆ: ಹೆಜ್ಜೆ, ಬಣ್ಣ, ಬೆಂಕಿ. ಈ ಚಿತ್ರದ ಆರಂಭವನ್ನು ನೋಡಿ. ಹಿಮ, ಕಪ್ಪು ಮರ, ಅದರ ಹೊಟ್ಟೆಯೊಳಗೆ ಇಳಿಯುವ ಪಂಜುಗಳು. ‘ಡಾನ್ಸಸ್ ವಿತ್ ವುಲ್ವ್ಸ್’ಗೆ ಆಸ್ಕರ್ ಪಡೆದ ಡೀನ್ ಸೆಮ್ಲರ್ ಅವರ ಕ್ಯಾಮೆರಾ ಅದು. ಕತ್ತಲಲ್ಲಿ ಬೆಂಕಿಯನ್ನು ಅಷ್ಟು ಹತ್ತಿರ ಇಟ್ಟುಕೊಂಡು ಮುಖಗಳನ್ನು ಉಳಿಸಿಕೊಳ್ಳುವುದು ಸಣ್ಣ ಕೆಲಸ ಅಲ್ಲ.

ದೊಡ್ಡಪ್ಪ: ಮಹಿಷಾಸುರ ರಂಗಕ್ಕೆ ಏರಿದ ಮೇಲೆ ಮಾತಾಡುತ್ತಾನೆ ಮಾರಾಯ್ತಿ. ತನ್ನ ಹುಟ್ಟು ಎಂಥದ್ದು, ತಾಯಿ ಎಷ್ಟು ಕಷ್ಟಪಟ್ಟಳು, ದೇವತೆಗಳಿಂದ ತನ್ನ ಕುಲಕ್ಕೆ ಆದದ್ದೇನು, ಎಲ್ಲ ಹೇಳುತ್ತಾನೆ. ಒಳ್ಳೆಯ ಕಲಾವಿದ ಆದರೆ ದೇವಿಗೇ ಉತ್ತರ ಹುಡುಕಬೇಕಾಗುತ್ತದೆ. ಈ ರಾಣಿಗೆ ಎಷ್ಟು ಹೊತ್ತು ಮಾತು ಸಿಕ್ಕಿತು? ಈ ಲೋಕ ಮೊದಲು ನಮ್ಮದಾಗಿತ್ತು, ಮನುಷ್ಯರು ಬಂದು ಕೆಡಿಸಿದರು ಎನ್ನುತ್ತಾಳೆ. ಅದು ಎಷ್ಟು ದೊಡ್ಡ ಮಾತು! ಅದಕ್ಕೆ ಕಾಲ್ಡರನ ಉತ್ತರ ಒಂದು ಕತ್ತಿ. ಅದಕ್ಕೇ ನನಗೆ ಬೇಸರ ಬಂದದ್ದು. ಕೊನೆ ಮೊದಲೇ ಗೊತ್ತಿದ್ದರೆ ನಷ್ಟ ಇಲ್ಲ, ಎದುರಾಳಿಗೆ ಅರ್ಥವೇ ಇಲ್ಲದಿದ್ದರೆ ನಷ್ಟ.

ಮಗಳು: ಇದನ್ನು ಒಪ್ಪುತ್ತೇನೆ. ರಾಣಿಯ ಪಾತ್ರಕ್ಕೆ ಇನ್ನೂ ಜಾಗ ಇತ್ತು. ಆದರೆ ಇಡೀ ಚಿತ್ರ ಮಾಟಗಾತಿಯರನ್ನು ಹಾಗೆ ನೋಡುವುದಿಲ್ಲ. ವಿಮಾನದ ದೃಶ್ಯ ನೆನಪು ಮಾಡಿಕೊಳ್ಳಿ. ಬಿರುಗಾಳಿಗೆ ಸಿಕ್ಕಿ ವಿಮಾನ ಕುಲುಕಾಡುತ್ತಿದೆ. ಒಬ್ಬ ಎಳೆಯ ಹುಡುಗಿ ತನ್ನ ಚೀಲದಲ್ಲಿ ಹವಾಮಾನ ಕೆಡಿಸುವ ಮಂತ್ರದ ಕಲ್ಲುಗಳನ್ನು ಇಟ್ಟುಕೊಂಡಿದ್ದಾಳೆ. ಅವು ಒಂದಕ್ಕೊಂದು ತಾಗಿ ಈ ಗಾಳಿ ಎದ್ದಿದೆ ಎಂದು ಅವಳಿಗೇ ಗೊತ್ತಿಲ್ಲ. ಬೇಟೆಗಾರ ಹತ್ತಿರ ಬಂದಾಗ ಅವಳು ನಡುಗುತ್ತಾಳೆ. ಅವನು ಕಲ್ಲುಗಳನ್ನು ಬೇರೆ ಮಾಡಿ ಇಡುತ್ತಾನೆ, ಹುಡುಗಿಗೆ ಏನೂ ಮಾಡುವುದಿಲ್ಲ. ನನಗೆ ಇಡೀ ಚಿತ್ರದಲ್ಲಿ ತುಂಬ ಇಷ್ಟವಾದದ್ದು ಅದೇ. ಆ ಬಾರಿನ ಹುಡುಗಿ ಕ್ಲೋಯಿ, ಅಂದರೆ ರೋಸ್ ಲೆಸ್ಲಿ ಮಾಡಿದ ಪಾತ್ರ, ಇನ್ನೊಬ್ಬರ ಕನಸಿನೊಳಗೆ ಹೋಗಬಲ್ಲವಳು. ಅವಳಿಲ್ಲದೆ ನಾಯಕನಿಗೆ ತನ್ನ ನೆನಪೇ ಸಿಗುತ್ತಿರಲಿಲ್ಲ. ಮಾಟಗಾತಿಯರಿಗೆ ತಮ್ಮದೇ ಮಂಡಳಿ, ಒಪ್ಪಂದ, ಕಾನೂನು ಎಲ್ಲ ಉಂಟು. ಎಲ್ಲರೂ ಕೆಟ್ಟವರು ಎಂದು ಚಿತ್ರ ಎಲ್ಲಿ ಹೇಳಿತು?

ದೊಡ್ಡಪ್ಪ: ಎಲ್ಲರೂ ಕೆಟ್ಟವರು ಎಂದು ಹೇಳಲಿಲ್ಲ, ಸರಿ. ಆದರೆ ಮಹಾಮಾರಿಯನ್ನು ಒಬ್ಬ ಹೆಂಗಸು ಹಬ್ಬಿಸಿದಳು ಎಂದು ಹೇಳಿತು. ನನಗೆ ಅಲ್ಲಿ ಹೊಟ್ಟೆ ಕಿವುಚಿತು. ಎಂಟುನೂರು ವರ್ಷದ ಲೆಕ್ಕ ಹಿಡಿದರೆ 1215ರ ಆಸುಪಾಸು ಬರುತ್ತದೆ. ‘ಕಪ್ಪು ಸಾವು’ ಯುರೋಪಿಗೆ ಬಂದದ್ದು 1347ರಲ್ಲಿ. ಈ ಅಂತರವನ್ನು ಬಿಡು, ಕಥೆಗೆ ಅಷ್ಟು ಸ್ವಾತಂತ್ರ್ಯ ಇರಲಿ. ಆದರೆ ಆ ರೋಗ ಬಂದಾಗ ನಿಜವಾಗಿ ಯಾರ ಮೇಲೆ ತಪ್ಪು ಹೊರಿಸಿದರು ಗೊತ್ತಾ? ಯಹೂದಿಗಳ ಮೇಲೆ. ಬಾವಿಗಳಿಗೆ ವಿಷ ಹಾಕಿದ್ದಾರೆ ಎಂದು ಮಾತು ಹಬ್ಬಿತು. 1348ರಲ್ಲಿ ಸವಾಯ್ ಸೀಮೆಯಲ್ಲಿ ಕೆಲವರನ್ನು ಹಿಡಿದು, ಚಿತ್ರಹಿಂಸೆ ಕೊಟ್ಟು, ಹೌದು ಹಾಕಿದೆವು ಎಂದು ಬಾಯಿಂದ ಹೊರಡಿಸಿದರು. ಆ ಹೇಳಿಕೆಗಳ ಪ್ರತಿ ಊರಿನಿಂದ ಊರಿಗೆ ಹೋಯಿತು. 1349ರ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗಿನಲ್ಲಿ ನೂರಾರು ಮಂದಿಯನ್ನು ಸುಟ್ಟರು. ಆ ಊರಿಗೆ ರೋಗ ಆಗ ಇನ್ನೂ ಕಾಲಿಟ್ಟಿರಲೇ ಇಲ್ಲ.

ಮಗಳು: ಯಾರೂ ತಡೆಯಲಿಲ್ಲವಾ?

ದೊಡ್ಡಪ್ಪ: ಆರನೇ ಕ್ಲೆಮೆಂಟ್ ಪೋಪ್ ತಡೆಯಲು ನೋಡಿದರು. ಈ ರೋಗದಿಂದ ಯಹೂದಿಗಳೂ ಸಾಯುತ್ತಿದ್ದಾರೆ, ಯಹೂದಿಗಳೇ ಇಲ್ಲದ ಕಡೆಯೂ ರೋಗ ಬಂದಿದೆ, ಹಾಗಿರುವಾಗ ಇದು ಅವರ ಕೆಲಸ ಹೇಗಾಗುತ್ತದೆ ಎಂದು ಅದೇ 1348ರಲ್ಲಿ ಆಜ್ಞಾಪತ್ರ ಹೊರಡಿಸಿದರು. ಎಷ್ಟು ನೇರ ತರ್ಕ ನೋಡು. ಕೇಳಿದವರು ಕಡಿಮೆ. ಆ ರೋಗದ ಬ್ಯಾಕ್ಟೀರಿಯಾವನ್ನು ಅಲೆಕ್ಸಾಂಡರ್ ಯೆರ್ಸಿನ್ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದು 1894ರಲ್ಲಿ. ನಡುವಿನ ಐದೂವರೆ ಶತಮಾನ ಜನ ಮುಖ ಹುಡುಕುತ್ತಲೇ ಇದ್ದರು. ಈಗ ಇಷ್ಟೆಲ್ಲ ತಿಳಿದ ಮೇಲೂ ಕೋಟಿಗಟ್ಟಲೆ ಡಾಲರ್ ಸುರಿದು ಮಾಡಿದ ಸಿನಿಮಾ ಆ ರೋಗಕ್ಕೆ ಪುನಃ ಒಂದು ಮುಖ ಕೊಡುತ್ತದೆ, ಪುನಃ ಅದನ್ನು ಸುಡುತ್ತದೆ, ನಾವು ನೋಡಿ ಸಂತೋಷಪಡಬೇಕು.

ಮಗಳು: ದೊಡ್ಡಪ್ಪ, ರೋಗಕ್ಕೆ ಮುಖ ಕೊಡುವುದೇ ತಪ್ಪು ಎಂದರೆ ನಾನು ಒಪ್ಪುವುದಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳು ಬೆಳೆದದ್ದೇ ಆ ಕಾರಣಕ್ಕೆ. ಆ ಊರಿನಲ್ಲಿ ಪ್ಲೇಗಿನಮ್ಮನ ಗುಡಿಗಳು ಈಗಲೂ ಉಂಟು. ಜನ ರೋಗಕ್ಕೆ ಒಬ್ಬ ಹೆಂಗಸಿನ ಮುಖವನ್ನೇ ಕೊಟ್ಟರು. ಕೊಟ್ಟು ಅವಳ ಎದುರು ದೀಪ ಹಚ್ಚಿದರು. ಭಯಕ್ಕೆ ಒಂದು ರೂಪ ಬೇಕು. ರೂಪ ಕೊಡುವುದನ್ನೇ ನಿಲ್ಲಿಸಿ ಎಂದರೆ ಕಥೆ ಎಂಬ ಪದಾರ್ಥವೇ ಇರುವುದಿಲ್ಲ.

ದೊಡ್ಡಪ್ಪ: ಪ್ಲೇಗಿನಮ್ಮ ಆಚೆ ಮನೆಯ ವಿಧವೆ ಅಲ್ಲ. ಅವಳನ್ನು ಯಾರೂ ಜುಟ್ಟು ಹಿಡಿದು ಎಳೆದು ತರಲು ಆಗುವುದಿಲ್ಲ. ಮಾಟಗಾತಿ ಹಾಗಲ್ಲ, ಆ ಹೆಸರನ್ನು ಊರಿನಲ್ಲಿ ಬದುಕಿರುವ ಹೆಂಗಸಿಗೆ ಹಚ್ಚಬಹುದು. ಹಚ್ಚಿದ್ದಾರೆ.

ಮಗಳು: ಸಿನಿಮಾ ನೋಡಿ ಹಚ್ಚಿದರಾ?

ಇಲ್ಲಿ ಸ್ವಲ್ಪ ಹೊತ್ತು ಮಾತು ನಿಂತಿತು. ಪ್ರಶ್ನೆ ನೇರವಾಗಿತ್ತು. ನನ್ನ ಮಟ್ಟಿಗೆ ಆ ಸಂಜೆಯ ಚರ್ಚೆಗೆ ನಿಜವಾದ ಕಾವು ಬಂದದ್ದು ಇಲ್ಲಿಂದ. ದೊಡ್ಡಪ್ಪ ಉತ್ತರಕ್ಕೆ ಹುಡುಕಿದ್ದು ಒಬ್ಬ ಖಗೋಳ ವಿಜ್ಞಾನಿಯ ತಾಯಿಯನ್ನು.

ದೊಡ್ಡಪ್ಪ: ಯೊಹಾನೆಸ್ ಕೆಪ್ಲರ್ ಗೊತ್ತಲ್ಲ, ಗ್ರಹಗಳ ಚಲನೆಯ ನಿಯಮ ಕೊಟ್ಟವನು. ಅವನೊಂದು ಕಥೆ ಬರೆದ, ‘ಸೋಮ್ನಿಯಮ್’ ಎಂದು. ಚಂದ್ರಲೋಕದ ಪ್ರಯಾಣದ ಕಥೆ. ಚಂದ್ರನ ಮೇಲೆ ನಿಂತರೆ ಭೂಮಿ ಹೇಗೆ ಕಾಣುತ್ತದೆ ಎಂದು ತೋರಿಸುವುದು ಉದ್ದೇಶ. ಅದರಲ್ಲಿ ಕಥೆ ಹೇಳುವ ಹುಡುಗನ ತಾಯಿ ಗಿಡಮೂಲಿಕೆ ಮಾರುವವಳು, ಅದೃಶ್ಯ ಶಕ್ತಿಗಳನ್ನು ಕರೆದು ಮಾತಾಡಿಸುವವಳು. ಕೆಪ್ಲರನ ಸ್ವಂತ ತಾಯಿ ಕ್ಯಾಥರಿನಾ ಕೂಡ ಲಿಯೊನ್‌ಬರ್ಗಿನಲ್ಲಿ ಮೂಲಿಕೆ ಮದ್ದು ಕೊಡುತ್ತಿದ್ದಳು. 1615ರಲ್ಲಿ ಅವಳ ಮೇಲೆ ಮಾಟದ ಆರೋಪ ಬಂತು. 1620ರಲ್ಲಿ ಹಿಡಿದು ಹಾಕಿದರು. ಎಪ್ಪತ್ತು ದಾಟಿದ ಮುದುಕಿಯನ್ನು ಹದಿನಾಲ್ಕು ತಿಂಗಳು ಸಂಕೋಲೆಯಲ್ಲಿ ಇಟ್ಟರು. ಕೊನೆಗೆ ಚಿತ್ರಹಿಂಸೆಯ ಉಪಕರಣಗಳನ್ನು ಒಂದೊಂದಾಗಿ ಮುಂದೆ ಇಟ್ಟು, ಒಪ್ಪಿಕೋ ಎಂದರು. ಅವಳು ಒಪ್ಪಲಿಲ್ಲ. ಬಿಟ್ಟರು. ಮಾರನೆಯ ವರ್ಷ ತೀರಿಕೊಂಡಳು. ತನ್ನ ಕಥೆಯ ಹಸ್ತಪ್ರತಿ ಕೈಯಿಂದ ಕೈಗೆ ಹೋಗಿ ತಾಯಿಯ ಮೇಲಿನ ಸುದ್ದಿಗೆ ಗಾಳಿ ಹಾಕಿತು ಎಂದು ಕೆಪ್ಲರನೇ ಆಮೇಲೆ ಬರೆದುಕೊಂಡಿದ್ದಾನೆ. ಕಲ್ಪನೆ ಕಲ್ಪನೆಯಾಗಿಯೇ ಉಳಿಯುತ್ತದೆ ಎಂಬ ಭರವಸೆ ಅವನಿಗೂ ಇತ್ತು.

ಮಗಳು: ಅವನು ಹಾಗೆ ನಂಬಿದ್ದು ಮಗನ ಸಂಕಟ ದೊಡ್ಡಪ್ಪ. ತಾಯಿ ಸಂಕೋಲೆಯಲ್ಲಿ ಇದ್ದಾಗ ಮಗ ತನ್ನ ಕೈಯನ್ನೇ ನೋಡಿಕೊಳ್ಳುತ್ತಾನೆ. ಆದರೆ ಆ ಕಥೆ ಇದ್ದದ್ದು ಲ್ಯಾಟಿನ್‌ನಲ್ಲಿ, ಹಸ್ತಪ್ರತಿಯಲ್ಲಿ. ಆರೋಪ ಹೊರಿಸಿದ್ದು ಉರ್ಸುಲಾ ರೈನ್‌ಬೋಲ್ಡ್ ಎಂಬ ನೆರೆಯ ಹೆಂಗಸು. ಕ್ಯಾಥರಿನಾ ಕೊಟ್ಟ ಕಹಿ ಪಾನೀಯ ಕುಡಿದು ತನಗೆ ಕಾಯಿಲೆ ಬಂತು ಎಂದಳು. ಅವರಿಬ್ಬರ ನಡುವೆ ಮೊದಲೇ ಮನಸ್ತಾಪ ಇತ್ತು, ಊರಿನ ಅಧಿಕಾರಿ ಅವಳ ಬೆನ್ನಿಗೆ ನಿಂತ. ಲಿಯೊನ್‌ಬರ್ಗಿನ ಬೀದಿಯಲ್ಲಿ ‘ಸೋಮ್ನಿಯಮ್’ ಓದಿದವರು ಯಾರು? ಬೆಂಕಿ ಹೊತ್ತಿದ್ದು ಬೇಲಿಯ ಬಳಿ. ಇನ್ನೊಂದು ಮಾತು: ಕೆಪ್ಲರ್ ಆ ಕಥೆಯನ್ನು ಹರಿದು ಎಸೆಯಲಿಲ್ಲ. ತಾಯಿಯ ಮರಣದ ಮೇಲೆ ಅದಕ್ಕೆ 223 ಟಿಪ್ಪಣಿ ಬರೆದ. ಅಚ್ಚಿಗೆ ತಯಾರು ಮಾಡುತ್ತಿದ್ದಾಗಲೇ 1630ರಲ್ಲಿ ಸತ್ತ. 1634ರಲ್ಲಿ ಅದು ಹೊರಗೆ ಬಂತು. ಕಥೆಯ ದೆಸೆಯಿಂದ ತಾಯಿಗೆ ಕಷ್ಟ ಬಂತೆಂದು ನಂಬಿದವನೇ ಕಥೆಯನ್ನು ಬಿಡಲಿಲ್ಲ. ನಾನು ಅವನ ಪಕ್ಷ.

ದೊಡ್ಡಪ್ಪ: ಟಿಪ್ಪಣಿ ಬರೆದ, ಅದು ಮುಖ್ಯ! ಇಂಥಿಂಥ ಮಾತಿಗೆ ಇಂಥಿಂಥ ಅರ್ಥ, ಇಲ್ಲಿ ಭೂತ ಎಂದರೆ ಖಗೋಳ ವಿದ್ಯೆ ಎಂದು ಕೂತು ಬಿಡಿಸಿ ಬಿಡಿಸಿ ಹೇಳಿದ. ಕಥೆ ಕಟ್ಟಿದವನು ಕಥೆಯ ಹೊಣೆ ಹೊತ್ತ. ಹಾಲಿವುಡ್ ಯಾವ ಟಿಪ್ಪಣಿ ಬರೆಯಿತು?

ಮಗಳು: ಈ ಚಿತ್ರ ಹುಟ್ಟಿದ್ದು ಚರಿತ್ರೆ ಪುಸ್ತಕದಿಂದ ಅಲ್ಲ, ಆಟದ ಮೇಜಿನಿಂದ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟ ಹೊರತಂದರು. ನಾಲ್ಕು ಗೆಳೆಯರು ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ತಾವೇ ಪಾತ್ರಗಳಾಗಿ ಕಥೆ ಕಟ್ಟುವುದು. ವಿನ್ ಡೀಸೆಲ್ ಅದನ್ನು ವರ್ಷಗಟ್ಟಲೆ ಆಡಿದವನು. ಆಟದಲ್ಲಿ ಅವನ ಪಾತ್ರ ಮಾಟಗಾತಿಯರ ಬೇಟೆಗಾರ. ಕಾಲ್ಡರ್ ಬಂದದ್ದು ಅಲ್ಲಿಂದ. ನಮ್ಮದು ಆಟ ಎಂದು ಆಡುವವರೆಲ್ಲರೂ ಒಪ್ಪಿಕೊಂಡು ಕೂತ ಜಾಗ ಅದು. ಚಿತ್ರದೊಳಗೂ ಆ ಹುರುಪು ಕಾಣುತ್ತದೆ. ಮೈಮೇಲೆ ಇಷ್ಟು ದೊಡ್ಡ ತಾರೆಯ ಹೆಸರು ಇರುವ ಮನುಷ್ಯ ತನ್ನ ಹುಡುಗಾಟದ ಕನಸನ್ನು ಪರದೆಗೆ ತಂದಿದ್ದಾನೆ. ಆ ಪ್ರೀತಿ ಸುಳ್ಳಲ್ಲ.

ದೊಡ್ಡಪ್ಪ: ಅವನ ಪ್ರೀತಿಯ ಮೇಲೆ ನನಗೆ ಅನುಮಾನ ಇಲ್ಲ. ಆಟದ ಹೊರಗೆ ಆ ಆಟ ಎಲ್ಲಿ ತಾಗುತ್ತದೆ ಎಂದು ಕೇಳುತ್ತಿದ್ದೇನೆ. ಜಾರ್ಖಂಡಿನ ಛುಟ್ನಿ ಮಹತೋ ಎಂಬ ಹೆಂಗಸು 1995ರಲ್ಲಿ ಡಾಯನ್, ಅಂದರೆ ಮಾಟಗಾತಿ, ಎನಿಸಿಕೊಂಡು ಪೆಟ್ಟು ತಿಂದು ಊರು ಬಿಟ್ಟು ಓಡಬೇಕಾಯಿತು. ಆಮೇಲೆ ತನ್ನಂಥವರನ್ನು ಉಳಿಸುವುದನ್ನೇ ಬದುಕು ಮಾಡಿಕೊಂಡಳು. ಅಸ್ಸಾಮಿನಲ್ಲಿ ಬೀರುಬಾಲಾ ರಾಭಾ ಅದೇ ಕೆಲಸ ಮಾಡಿದಳು. 2021ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ, ಛತ್ತೀಸ್‌ಗಢ 2005ರಲ್ಲಿ, ಒಡಿಶಾ 2013ರಲ್ಲಿ ಇದಕ್ಕೆಂದೇ ಕಾನೂನು ಮಾಡಬೇಕಾಯಿತು. ನಮ್ಮಲ್ಲಿ 2017ರಲ್ಲಿ ವಾಮಾಚಾರ ತಡೆಯುವ ಕಾಯ್ದೆ ಆಯಿತು, 2020ರಲ್ಲಿ ಜಾರಿಗೆ ಬಂತು. ಕಲಬುರಗಿ, ಬೀದರ ಕಡೆ ಭಾನಾಮತಿ ಮಾಡಿದ್ದಾರೆ ಎಂದು ಹಲ್ಲು ಕಿತ್ತು ಹೊಡೆದ ಸುದ್ದಿ ಓದಿದವನು ನಾನು. ದೇಶದ ಅಪರಾಧ ದಾಖಲೆ ಬ್ಯೂರೋದ ವರದಿಯಲ್ಲಿ ಕೊಲೆಯ ಕಾರಣಗಳ ಪಟ್ಟಿ ಇರುತ್ತದಲ್ಲ, ಅದರಲ್ಲಿ ಮಾಟಕ್ಕೆಂದೇ ಒಂದು ಕಂಬಸಾಲು ಉಂಟು. ಅಂಥ ದೇಶದಲ್ಲಿ ಕೂತು ನೋಡುವವನಿಗೆ ಈ ಆಟ ಬರೀ ಆಟ ಆಗಿ ಕಾಣುವುದು ಕಷ್ಟ.

ಮಗಳು: ಛುಟ್ನಿ ಅವರ ಹೆಸರು ಹೇಳಿದಿರಿ, ಒಳ್ಳೆಯದಾಯಿತು. ಅಂಥ ಪ್ರಕರಣಗಳ ಬುಡದಲ್ಲಿ ಏನಿರುತ್ತದೆ? ಜಮೀನಿನ ತುಂಡು, ವಿಧವೆಯ ಪಾಲು, ಮಗುವಿಗೆ ಜ್ವರ ಬಂದರೆ ಹೋಗಲು ಹತ್ತಿರದಲ್ಲಿ ಆಸ್ಪತ್ರೆ ಇಲ್ಲದಿರುವುದು, ಓಝಾನ, ಅಂದರೆ ಮಂತ್ರವಾದಿಯ, ಮಾತು. ಆ ಊರುಗಳಿಗೆ ವಿನ್ ಡೀಸೆಲ್ ಹೋಗಿಲ್ಲ. ಆ ಹೆಂಗಸರನ್ನು ಉಳಿಸಲು ಬೇಕಾದದ್ದು ಪಟ್ಟಾ, ಪೊಲೀಸು, ದಾದಿ. ಈ ಸಿನಿಮಾವನ್ನು ನಿಷೇಧಿಸಿದರೆ ಒಂದು ಹಲ್ಲೂ ಉಳಿಯುವುದಿಲ್ಲ. ತಪ್ಪನ್ನು ಚಿತ್ರದ ಮೇಲೆ ಹೊರಿಸುವುದು ನಮಗೆ ಸುಲಭ, ಅಷ್ಟೆ.

ದೊಡ್ಡಪ್ಪ: ನಿಷೇಧ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ನೋಡುವವನ ಒಳಗೆ ಏನು ಉಳಿಯುತ್ತದೆ ಎಂದು ನನ್ನ ಚಿಂತೆ. ‘ಹ್ಯಾನ್ಸೆಲ್ ಅಂಡ್ ಗ್ರೆಟೆಲ್: ವಿಚ್ ಹಂಟರ್ಸ್’ ಕೂಡ ನೀನೇ ತೋರಿಸಿದ್ದು.

ಮಗಳು: 2013ರದ್ದು. ನಾರ್ವೆಯ ಟಾಮಿ ವಿರ್ಕೋಲ ಮಾಡಿದ್ದು. ಅದರಲ್ಲೂ ಊರಿನ ಅಧಿಕಾರಿ ಒಬ್ಬ ಅಮಾಯಕ ಹೆಂಗಸನ್ನು ಸುಡಲು ಹೊರಟಾಗ ಬೇಟೆಗಾರರೇ ಬಂದು ತಡೆಯುತ್ತಾರೆ.

ದೊಡ್ಡಪ್ಪ: ಹೇಗೆ ತಡೆಯುತ್ತಾರೆ? ನಿಜವಾದ ಮಾಟಗಾತಿಯಾದರೆ ಹಲ್ಲು, ಚರ್ಮ, ಕಣ್ಣು ಕೊಳೆತಿರುತ್ತದೆ, ಇವಳಿಗೆ ಆ ಗುರುತು ಇಲ್ಲ, ಬಿಡಿ ಎನ್ನುತ್ತಾರೆ. ಮೈಮೇಲೆ ಗುರುತು ಹುಡುಕುವುದು! ಯುರೋಪಿನ ವಿಚಾರಣೆಗಾರರು ಮಾಡಿದ್ದೇ ಅದು. ಇಂಗ್ಲೆಂಡಿನಲ್ಲಿ 1645ರ ಸುಮಾರಿಗೆ ಮ್ಯಾಥ್ಯೂ ಹಾಪ್ಕಿನ್ಸ್ ಊರೂರು ತಿರುಗಿ ಹೆಂಗಸರ ಮೈಮೇಲೆ ಮಚ್ಚೆ ಹುಡುಕಿಸಿದ. ಅದಕ್ಕೆ ಹಣ ತೆಗೆದುಕೊಂಡ. ಸ್ಟೋಮಾರ್ಕೆಟ್ ಊರು ಒಂದೇ ಅವನಿಗೆ 23 ಪೌಂಡ್ ತೆತ್ತಿತು. ಪರೀಕ್ಷೆ ತಪ್ಪು ಎಂದು ಚಿತ್ರ ಹೇಳುವುದಿಲ್ಲ, ಸರಿಯಾಗಿ ಪರೀಕ್ಷಿಸಿ ಎನ್ನುತ್ತದೆ. ಕಥೆ ನಡೆಯುವುದು ಆಗ್ಸ್‌ಬರ್ಗಿನಲ್ಲಿ ಬೇರೆ. ನಿಜವಾಗಿ ವಿಚಾರಣೆಗಳು ನಡೆದ ಊರು ಅದು.

ಮಗಳು: ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಆ ಚಿತ್ರ ನನಗೂ ಅಷ್ಟು ಹಿಡಿಸಲಿಲ್ಲ. ಗ್ರೆಟೆಲ್‌ಳ ಪೆಟ್ಟು ಮಾತ್ರ ಚಂದ. ಆದರೆ ‘ಲಾಸ್ಟ್ ವಿಚ್ ಹಂಟರ್’ನಲ್ಲಿ ಒಂದು ವಿಷಯ ನೀವು ಬಿಟ್ಟಿರಿ. ಗುಂಡಿಗೆ. ರಾಣಿಯನ್ನು ಕೊಂದ ಮೇಲೆ ಅವಳ ಗುಂಡಿಗೆ ಇನ್ನೂ ಬಡಿಯುತ್ತಿರುತ್ತದೆ. ಅದನ್ನು ಸುಟ್ಟರೆ ಅವಳು ಪೂರ್ತಿ ಸಾಯುತ್ತಾಳೆ, ಜೊತೆಗೆ ಕಾಲ್ಡರನೂ ಸಾಯುತ್ತಾನೆ. ಕಾಲ್ಡರನ ಜೊತೆಗಿದ್ದ ಪಾದ್ರಿಗಳು ಸುಡುವುದಿಲ್ಲ. ಸಾವಿಲ್ಲದ ಬೇಟೆಗಾರ ತಮಗೆ ಬೇಕು ಎಂದು ಎಂಟುನೂರು ವರ್ಷ ಅದನ್ನು ಅಡಗಿಸಿ ಇಡುತ್ತಾರೆ. ಕಾಲ್ಡರನಿಗೂ ಹೇಳುವುದಿಲ್ಲ. ರಾಣಿ ಮತ್ತೆ ಎದ್ದದ್ದು ಅದರಿಂದಲೇ. ಅಂದರೆ ಮಾಟಗಾತಿಯನ್ನು ಜೀವಂತ ಇಟ್ಟವರು ಯಾರು? ಬೇಟೆಗಾರರ ಸಂಸ್ಥೆ.

ದೊಡ್ಡಪ್ಪ: ಹೌದು! ಅದನ್ನು ನೋಡಿದಾಗ ನಾನು ನೆಟ್ಟಗೆ ಕೂತೆ. ಅದು ಚರಿತ್ರೆಯ ಒಳಮರ್ಮ. ಹತ್ತನೇ ಶತಮಾನದಿಂದ ಚರ್ಚಿನಲ್ಲಿ ಒಂದು ನಿಯಮ ಚಾಲ್ತಿಯಲ್ಲಿತ್ತು: ಹೆಂಗಸರು ರಾತ್ರಿ ಹಾರುತ್ತಾರೆ ಎಂಬುದು ಭ್ರಮೆ, ಹಾಗೆ ನಂಬುವುದೇ ತಪ್ಪು ಎಂದು. 1215ರಲ್ಲಿ ಇಂಥ ಬೇಟೆಗಾರರ ಪಡೆ ಇದ್ದಿದ್ದರೆ ಚರ್ಚು ಅವರನ್ನೇ ತರಾಟೆಗೆ ತೆಗೆದುಕೊಳ್ಳಬೇಕಿತ್ತು. 1485ರಲ್ಲಿ ಹೈನ್‌ರಿಕ್ ಕ್ರಾಮರ್ ಎಂಬ ವಿಚಾರಣೆಗಾರ ಇನ್ಸ್‌ಬ್ರುಕ್ಕಿನಲ್ಲಿ ಹೆಂಗಸರ ಮೇಲೆ ಮೊಕದ್ದಮೆ ಹೂಡಿದ. ಅಲ್ಲಿನ ಬಿಷಪ್ ಗಾಲ್ಸರ್ ಅವನ ಕ್ರಮ ಸರಿ ಇಲ್ಲ ಎಂದು ಹೆಂಗಸರನ್ನು ಬಿಡಿಸಿ, ಅವನಿಗೆ ಊರು ಬಿಟ್ಟು ಹೋಗು ಎಂದರು. ಸೋತು ಹೋದವನು ಕೂತು ಬರೆದದ್ದೇ ‘ಮ್ಯಾಲಿಯಸ್ ಮ್ಯಾಲೆಫಿಕಾರಮ್’, ಮಾಟಗಾತಿಯರನ್ನು ಹಿಡಿಯುವ, ವಿಚಾರಿಸುವ ಕೈಪಿಡಿ. ಅಚ್ಚಿನ ಯಂತ್ರ ಬಂದು ಕೆಲವೇ ದಶಕ ಆಗಿತ್ತು, ಪುಸ್ತಕ ಹಬ್ಬಿತು. ಮೂರು ಶತಮಾನಗಳಲ್ಲಿ ಯುರೋಪಿನಲ್ಲಿ ನಲವತ್ತರಿಂದ ಅರುವತ್ತು ಸಾವಿರ ಜನ ಸತ್ತರು ಎಂದು ಇತಿಹಾಸಕಾರರ ಅಂದಾಜು. ಬೇಟೆಗಾರನಿಗೆ ಮಾಟಗಾತಿ ಬೇಕೇ ಬೇಕು. ಅವಳು ಇಲ್ಲದಿದ್ದರೆ ಅವನು ಯಾರೂ ಅಲ್ಲ.

ಮಗಳು: ಹಾಗಾದರೆ ಚಿತ್ರ ಅಷ್ಟು ಹೇಳಿದೆ ಎಂದು ಒಪ್ಪುತ್ತೀರಾ?

ದೊಡ್ಡಪ್ಪ: ಹೇಳಿತು, ಕೂಡಲೇ ಮರೆಯಿತು. ಕೊನೆಗೆ ಕಾಲ್ಡರ್ ಏನು ಮಾಡುತ್ತಾನೆ? ತಾನೂ ಆ ಗುಂಡಿಗೆಯನ್ನು ಸುಡುವುದಿಲ್ಲ. ಪಾದ್ರಿಗಳು ಮಾಡಿದ್ದನ್ನೇ ಮಾಡುತ್ತಾನೆ. ಅದು ತಪ್ಪೋ ಸರಿಯೋ ಎಂದು ಚಿತ್ರ ಒಂದು ಕ್ಷಣ ನಿಂತು ಯೋಚಿಸುವುದಿಲ್ಲ.

ಮಗಳು: ಕ್ಲೋಯಿ ಬೇಡ ಎನ್ನುತ್ತಾಳೆ, ಅದಕ್ಕೆ ಸುಡುವುದಿಲ್ಲ. ಹೆಂಡತಿ ಮಗಳನ್ನು ಕಳೆದುಕೊಂಡು ಎಂಟುನೂರು ವರ್ಷ ಸಾಯಲು ಕಾದವನು, ಒಬ್ಬ ಮಾಟಗಾತಿಯ ಮಾತು ಕೇಳಿ ಬದುಕಲು ಒಪ್ಪುತ್ತಾನೆ. ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಾ?

ದೊಡ್ಡಪ್ಪ: ಹಿಡಿಯುತ್ತೇನೆ. ಆದರೂ ಆ ಸೆರೆಮನೆ ನನ್ನನ್ನು ಬಿಡುವುದಿಲ್ಲ. ಚಿತ್ರದಲ್ಲಿ ಮಾಟಗಾತಿಯರಿಗೆ ಒಂದು ಸೆರೆಮನೆ ಉಂಟಲ್ಲ. ಒಳಗೆ ಇರುವವರು ಯಾರು, ಎಷ್ಟು ವರ್ಷದಿಂದ ಇದ್ದಾರೆ, ಏನು ತಪ್ಪು ಮಾಡಿದರು? ಯಾರ ಹೆಸರೂ ಇಲ್ಲ. ಅವರು ರಾಣಿಯ ಮಂತ್ರಕ್ಕೆ ದನಿ ಸೇರಿಸುವ ಬಾಯಿಗಳು ಮಾತ್ರ. ಅಂಥದ್ದು ನಿಜವಾಗಿ ಇತ್ತು. ಜರ್ಮನಿಯ ಬಾಂಬರ್ಗಿನಲ್ಲಿ 1627ರಲ್ಲಿ ಅಲ್ಲಿನ ರಾಜ-ಬಿಷಪ್ ಮಾಟದ ಆರೋಪಿಗಳಿಗೆಂದೇ ಸೆರೆಮನೆ ಕಟ್ಟಿಸಿದ. ಮಾರನೆಯ ವರ್ಷ ಊರಿನ ಮೇಯರ್ ಯೊಹಾನೆಸ್ ಯೂನಿಯಸ್‌ನನ್ನೇ ಹಿಡಿದರು. ಹೆಬ್ಬೆರಳುಗಳನ್ನು ತಿರುಪು ಹಾಕಿ ಜಜ್ಜಿದರು. ಆ ಜಜ್ಜಿದ ಕೈಯಲ್ಲೇ ಮಗಳು ವೆರೋನಿಕಾಗೆ ಕಾಗದ ಬರೆದು ಗುಟ್ಟಾಗಿ ಕಳಿಸಿದ. ತಾನು ನಿರಪರಾಧಿ, ನೋವು ತಾಳಲಾರದೆ ಕಥೆ ಕಟ್ಟಿ ಹೇಳಿದೆ, ಬೇರೆಯವರ ಹೆಸರನ್ನೂ ಹೇಳಿಸಿದರು ಎಂದು. ಕಾಗದ ಉಳಿಯಿತು, ಅವನು ಉಳಿಯಲಿಲ್ಲ. ನಾನು ಆ ಕಾಗದವನ್ನು ಮಕ್ಕಳಿಗೆ ಪಾಠ ಮಾಡಿದವನು. ತೆರೆಯ ಮೇಲೆ ಮಾಟಗಾತಿಯರ ಸೆರೆಮನೆ ಬಂದ ಕೂಡಲೇ ನನಗೆ ಯೂನಿಯಸ್ ನೆನಪಾಗುತ್ತಾನೆ. ಬೇರೆ ಏನೂ ಕಾಣುವುದಿಲ್ಲ.

ಮಗಳು ಸ್ವಲ್ಪ ಹೊತ್ತು ಉತ್ತರ ಕೊಡಲಿಲ್ಲ. ಆಮೇಲೆ ಹೇಳಿದ್ದರಲ್ಲಿ ಸೋಲು ಇರಲಿಲ್ಲ. ಅವಳು ತನ್ನ ಕಸುಬಿನಿಂದ ಯೋಚಿಸುತ್ತಿದ್ದಳು.

ಮಗಳು: ನಿಮಗೆ ಯೂನಿಯಸ್ ನೆನಪಾಗುವುದು ನೀವು ಅವನನ್ನು ಓದಿದ್ದರಿಂದ. ಓದದವರಿಗೆ ಈ ಚಿತ್ರವೇ ಮೊದಲ ಬಾಗಿಲು ಆಗಬಹುದು. ನಾನು ಕ್ಯಾಥರಿನಾ ಕೆಪ್ಲರ್ ಬಗ್ಗೆ ಹುಡುಕಿ ಓದಿದ್ದು ಇಂಥ ಚಿತ್ರ ನೋಡಿದ ಮೇಲೆ. ಉಲಿಂಕಾ ರೂಬ್ಲಾಕ್ ಅವಳ ಮೊಕದ್ದಮೆಯ ಬಗ್ಗೆ ‘ದಿ ಅಸ್ಟ್ರಾನಮರ್ ಅಂಡ್ ದಿ ವಿಚ್’ ಪುಸ್ತಕ ತಂದದ್ದೂ 2015ರಲ್ಲೇ. ಕೊಡಲಿ, ಬೆಂಕಿ, ಹಾರುವ ನೊಣಗಳ ಹಿಂಡು ನೋಡಿ ಬಂದ ಹುಡುಗಿ ಆ ಪುಸ್ತಕದವರೆಗೆ ಹೋಗಬಲ್ಲಳು. ಎಲ್ಲರೂ ಹೋಗುತ್ತಾರೆ ಎನ್ನುವುದಿಲ್ಲ.

ದೊಡ್ಡಪ್ಪ: ಹೋಗುವವರು ಎಷ್ಟು ಮಂದಿ?

ಮಗಳು: ನನಗೆ ಲೆಕ್ಕ ಬೇಡ. ಇನ್ನೊಂದನ್ನೂ ಹೇಳುತ್ತೇನೆ, ಸಿಟ್ಟು ಮಾಡಬೇಡಿ. ಮಾಟಗಾತಿ ಇಲ್ಲವೇ ಇಲ್ಲ, ಅವಳು ಬರೀ ಪಾಪದ ಹೆಂಗಸು ಎಂದು ಪ್ರತಿ ಕಥೆಯೂ ಹೇಳಬೇಕಾದರೆ, ಹೆಣ್ಣಿನ ಶಕ್ತಿಯ ಕನಸನ್ನೂ ನಾವು ಕಳೆದುಕೊಳ್ಳುತ್ತೇವೆ. ಕನಸಿನೊಳಗೆ ನಡೆಯುವ ಕ್ಲೋಯಿ, ಕಾಡನ್ನೇ ಆಳುವ ರಾಣಿ. ಅವರನ್ನು ನೋಡುವಾಗ ನನಗೆ ಮೈ ಜುಮ್ಮೆನ್ನುತ್ತದೆ. ಬಲಿಯಾದವಳು ಎಂಬ ಒಂದೇ ಪಾತ್ರದಲ್ಲಿ ನನಗೆ ಬದುಕಲು ಆಗುವುದಿಲ್ಲ. ನಿಮ್ಮ ಚರಿತ್ರೆ ಅವಳಿಗೆ ನ್ಯಾಯ ಕೊಡುತ್ತದೆ, ಬಲ ಕೊಡುವುದಿಲ್ಲ.

ದೊಡ್ಡಪ್ಪ: ಕ್ಯಾಥರಿನಾ ಕೆಪ್ಲರ್ ಉಪಕರಣಗಳ ಮುಂದೆ ನಿಂತು ಒಪ್ಪುವುದಿಲ್ಲ ಎಂದದ್ದು ಬಲ ಅಲ್ಲವಾ?

ಮಗಳು: ಹೌದು. ಆದರೆ ಆ ಬಲ ತೋರಿಸಲು ಅವಳು ಸಂಕೋಲೆಯಲ್ಲಿ ಇರಬೇಕಾಯಿತು. ಸಂಕೋಲೆ ಇಲ್ಲದೆಯೂ ಬಲ ಇರುವ ಹೆಂಗಸನ್ನು ನಾನು ನೋಡಬೇಕು. ಅದು ಸದ್ಯಕ್ಕೆ ಇಂಥ ಚಿತ್ರಗಳಲ್ಲಿ ಸಿಗುತ್ತದೆ, ಅರ್ಧಂಬರ್ಧವಾದರೂ.

ದೊಡ್ಡಪ್ಪ: ನಾಳೆ ಇಂಥ ಚಿತ್ರ ನಿನ್ನ ಟೇಬಲ್ಲಿಗೆ ಬಂದರೆ ಏನು ಕತ್ತರಿಸುತ್ತೀ?

ಮಗಳು: ಏನೂ ಕತ್ತರಿಸುವುದಿಲ್ಲ. ಆರಂಭದಲ್ಲಿ ಪಂಜು ಹಿಡಿದ ಗಂಡಸರು ಮರದೊಳಗೆ ಇಳಿಯುತ್ತಾರಲ್ಲ, ಅದಕ್ಕೆ ಮೊದಲು ಒಂದು ನಿಮಿಷ ಮರದ ಒಳಗಿನಿಂದ ನೋಡಬೇಕು. ಅವರು ಬರುವ ಸದ್ದನ್ನು ರಾಣಿಯ ಕಿವಿಯಿಂದ ಕೇಳಬೇಕು.

ದೊಡ್ಡಪ್ಪ: ಹಾಗೆ ಕೇಳಿಸಿದ ಮೇಲೆ ಕಾಲ್ಡರನ ಕತ್ತಿಗೆ ಚಪ್ಪಾಳೆ ಬೀಳುವುದಿಲ್ಲ. ಅದು ನಿನಗೆ ಇಷ್ಟವಾದ ಚಿತ್ರವಾಗಿ ಉಳಿಯುವುದೂ ಇಲ್ಲ.

ಮಗಳು: ಬೀಳುತ್ತದೆ. ಸ್ವಲ್ಪ ತಡೆದು ಬೀಳುತ್ತದೆ. ಆ ತಡೆ ಸಾಕು.

ದೊಡ್ಡಪ್ಪ: ನನಗೆ ಸಾಲದು. ನಮ್ಮ ಊರಿನ ಲೈಬ್ರರಿಯಲ್ಲಿ ಮಕ್ಕಳಿಗೆ ಸಿನಿಮಾ ತೋರಿಸಿ ಎಂದು ಕೇಳಿದ್ದಾರೆ. ನಾನು ಕಾರ್ಲ್ ಡ್ರೇಯರ್‌ನ ‘ಡೇ ಆಫ್ ರಾತ್’ ತೋರಿಸುತ್ತೇನೆ. 1943ರದ್ದು, ಡೆನ್ಮಾರ್ಕ್ ಜರ್ಮನರ ಕೈಯಲ್ಲಿ ಇದ್ದಾಗ ಮಾಡಿದ್ದು. ಸುಡಲು ಒಯ್ಯುವ ಆ ಮುದುಕಿಯ ಮುಖ ನೋಡಿದ ಹುಡುಗ ಬದುಕಿರುವವರೆಗೆ ಯಾರನ್ನೂ ಆ ಹೆಸರಿನಿಂದ ಕರೆಯಲಾರ.

ಮಗಳು: ಡ್ರೇಯರ್ ಕೂಡ ಪೂರ್ತಿ ನಿಮ್ಮ ಕಡೆ ಇಲ್ಲ ದೊಡ್ಡಪ್ಪ. ಎಳೆಯ ಹೆಂಡತಿ ಆನ್ನೆ ಗಂಡನಿಗೆ ಮುಖದ ಮೇಲೆ ಹೊಡೆದ ಹಾಗೆ ನೀನು ಸಾಯಬೇಕು ಎಂದು ಬಯಸಿದ್ದೇನೆ ಎನ್ನುತ್ತಾಳೆ, ಅವನು ಅಲ್ಲೇ ಬಿದ್ದು ಸಾಯುತ್ತಾನೆ. ಅವಳಲ್ಲಿ ಶಕ್ತಿ ಇತ್ತೋ ಇಲ್ಲವೋ, ಡ್ರೇಯರ್ ಹೇಳುವುದಿಲ್ಲ. ಕೊನೆಗೆ ಅವಳೇ ತಾನು ಮಾಟಗಾತಿ ಎಂದು ಒಪ್ಪಿಕೊಳ್ಳುತ್ತಾಳೆ. ಆ ಅನುಮಾನ ಇಲ್ಲದಿದ್ದರೆ ಅದು ಅಷ್ಟು ದೊಡ್ಡ ಚಿತ್ರ ಆಗುತ್ತಿರಲಿಲ್ಲ.

ದೊಡ್ಡಪ್ಪ: ಆ ಅನುಮಾನಕ್ಕೆ ಅವಳು ತೆತ್ತ ಬೆಲೆಯನ್ನೂ ಅವನು ತೋರಿಸುತ್ತಾನೆ. ಅಲ್ಲಿ ವ್ಯತ್ಯಾಸ.

ಮಗಳು: ಎರಡನ್ನೂ ತೋರಿಸಿ. ಮೊದಲ ವಾರ ಕಾಲ್ಡರ್, ಎರಡನೇ ವಾರ ಆನ್ನೆ.

ದೊಡ್ಡಪ್ಪ: ಮೊದಲು ಡ್ರೇಯರ್.

ಮಗಳು: ಮೊದಲು ಡ್ರೇಯರ್ ತೋರಿಸಿದರೆ ಎರಡನೇ ವಾರಕ್ಕೆ ಮಕ್ಕಳು ಬರುವುದಿಲ್ಲ. ಮೊದಲು ಕಾಲ್ಡರನನ್ನು ತೋರಿಸಿದರೆ ಎಲ್ಲರೂ ಬರುತ್ತಾರೆ.

ದೊಡ್ಡಪ್ಪ: ಬಂದು, ಕತ್ತಿ ಎಲ್ಲಿ ಎಂದು ಕೇಳುತ್ತಾರೆ.

ಮಗಳು: ಕೇಳಲಿ. ಉತ್ತರ ಹೇಳಲು ನೀವು ಇರುತ್ತೀರಲ್ಲ.